ಮುದ್ದೆ ಕಾಯುವುದಿಲ್ಲ

2022ರ ಡಿಸೆಂಬರ್ 18, ಭಾನುವಾರ. ಕತಾರ್‌ನ ಲುಸೈಲ್ ಮೈದಾನದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ವಿಶ್ವಕಪ್ ಫುಟ್‌ಬಾಲ್ ಫೈನಲ್ ಶುರುವಾದಾಗ ನಮ್ಮಲ್ಲಿ ರಾತ್ರಿ ಎಂಟೂವರೆ. ತುಮಕೂರು ಸೀಮೆಯಲ್ಲಿ ಅದು ಒಲೆಯ ಮೇಲೆ ಎಸರು ಮರಳುವ ಹೊತ್ತು. ತಿಂಗಳೂ ಅವರೆಕಾಯಿಯ ತಿಂಗಳು. ವರ್ಷವಿಡೀ ಕ್ರಿಕೆಟ್ಟನ್ನಷ್ಟೇ ನೋಡುವ ಮನೆಗಳೂ ಅಂದು ಮೆಸ್ಸಿಗಾಗಿ ಟಿ.ವಿ. ಹಾಕಿಕೊಂಡಿದ್ದವು. ವಿರಾಮದ ಹೊತ್ತಿಗೆ ಅರ್ಜೆಂಟೀನಾ 2–0 ಮುಂದಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಎಂಬಪೆ 80 ಮತ್ತು 81ನೇ ನಿಮಿಷಗಳಲ್ಲಿ ಎರಡು ಗೋಲು ಹೊಡೆದ. ಹೆಚ್ಚುವರಿ ಆಟವೂ 3–3ಕ್ಕೆ ನಿಂತು, ಪೆನಾಲ್ಟಿಯಲ್ಲಿ 4–2ರಿಂದ ಅರ್ಜೆಂಟೀನಾ ಕಪ್ ಎತ್ತಿದಾಗ ರಾತ್ರಿ ಹನ್ನೊಂದು ದಾಟಿತ್ತು.

ಮುದ್ದೆ ಉಣ್ಣುವ ಮನೆಗೆ ಇಂಥ ರಾತ್ರಿ ಒಂದು ಪ್ರಶ್ನೆಯನ್ನು ತಂದೊಡ್ಡುತ್ತದೆ. ಹಿಟ್ಟು ತೊಳಸುವುದು ಯಾವಾಗ? ತೊಳಸುವವರು ಯಾರು? ಅನ್ನವಾದರೆ ಏಳು ಗಂಟೆಗೇ ಕುಕ್ಕರಿನಲ್ಲಿಟ್ಟು ಮರೆಯಬಹುದು. ಚಪಾತಿಯನ್ನು ಬಟ್ಟೆ ಸುತ್ತಿ ಡಬ್ಬಿಗೆ ಹಾಕಿದರೆ ಎರಡು ಗಂಟೆ ಕಾಯುತ್ತದೆ. ಮುದ್ದೆ ಹಾಗೆ ಕಾಯುವುದಿಲ್ಲ. ಉಣ್ಣುವವರು ತಟ್ಟೆ ಮುಂದೆ ಕೂತ ಮೇಲೆ ಅದು ಕೋಲಿನಿಂದ ಕೈಗೆ, ಕೈಯಿಂದ ತಟ್ಟೆಗೆ ಬರಬೇಕು. ಪಂದ್ಯದ ನಡುವೆ ಎದ್ದು ಹಿಟ್ಟು ತೊಳಸಲು ಹೋದವರಿಗೆ ಆ ಎರಡು ಗೋಲುಗಳೂ ತಪ್ಪಿಹೋಗಿರುತ್ತವೆ. ಫುಟ್‌ಬಾಲಿನ ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಏಳೂವರೆಗೆ ಶುರುವಾಗುವ ಐಪಿಎಲ್ ಪಂದ್ಯಗಳು ಪ್ರತಿ ಬೇಸಿಗೆಯಲ್ಲೂ ಎರಡು ತಿಂಗಳು ಇದೇ ಹೊತ್ತಿನ ಮೇಲೆ ಕೂರುತ್ತವೆ. ಧಾರಾವಾಹಿಗಳು ದಿನವೂ. ತಡವಾಗಿ ಬರುವ ರೈಲು, ಓವರ್‌ಟೈಮ್ ಇರುವ ಕಾರ್ಖಾನೆ, ಮಕ್ಕಳ ಟ್ಯೂಷನ್ ಎಲ್ಲವೂ ಅದೇ ಹೊತ್ತಿಗೆ ಬಂದು ನಿಲ್ಲುತ್ತವೆ.

ತುಮಕೂರು, ಗುಬ್ಬಿ, ಕುಣಿಗಲ್ಲಿನ ಮನೆಗಳಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ, ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ ಎಂಬುದನ್ನು ನೂರಾರು ವರ್ಷ ತೀರ್ಮಾನಿಸಿದ್ದು ಈ ಒಂದು ಅಡುಗೆಯ ಗುಣ. ಅದಕ್ಕೇ ಈ ಅಂಕಣವನ್ನು ಅದರ ಗುಣದಿಂದಲೇ ಆರಂಭಿಸುತ್ತೇನೆ.

ತಪ್ಪಲೆಯಲ್ಲಿ ನೀರಿಟ್ಟು, ಒಂದೆರಡು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೆ ಹಾಕುತ್ತಾರೆ. ಹಿಂದೆ ಇದಕ್ಕೆ ಬದಲಾಗಿ ಅಕ್ಕಿ ನುಚ್ಚನ್ನು ಬೇಯಿಸಿಕೊಳ್ಳುತ್ತಿದ್ದರು. ಹಳ್ಳಿಗಳಲ್ಲಿ ಈಗಲೂ ಆ ಕ್ರಮ ಉಂಟು. ಎಸರು ತೆಳ್ಳನೆಯ ಗಂಜಿಯಾಗಿ ಉಕ್ಕುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಹಿಟ್ಟಿನ ಕೋಲನ್ನು ಅದರ ಮಧ್ಯೆ ನೆಟ್ಟು, ಉರಿ ತಗ್ಗಿಸಿ ಬಿಡಬೇಕು. ಹೊಸಬರು ತಪ್ಪುವುದು ಇಲ್ಲೇ. ಹಿಟ್ಟು ಬಿದ್ದ ಕೂಡಲೇ ಕಲಕಲು ಕೈ ಹಾತೊರೆಯುತ್ತದೆ. ಕಲಕಬಾರದು. ಐದಾರು ನಿಮಿಷ ಗಂಜಿ ಗುಡ್ಡೆಯ ಸುತ್ತಲಿಂದಲೂ ಕೋಲು ಮಾಡಿದ ತೂತಿನಿಂದಲೂ ಉಕ್ಕಿ ಬಂದು ಒಣಹಿಟ್ಟನ್ನು ಆವಿಯಲ್ಲಿ ಬೇಯಿಸುತ್ತದೆ. ಆಮೇಲೆ ತಪ್ಪಲೆಯನ್ನು ಭದ್ರವಾಗಿ ಹಿಡಿದು, ಕೋಲಿನಿಂದ ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತೊಳಸಬೇಕು. ರಟ್ಟೆಯ ಕೆಲಸ ಶುರುವಾಗುವುದು ಆಗ.

ಇಷ್ಟೆಲ್ಲ ಏಕೆ ಬೇಕು? ಗೋಧಿಹಿಟ್ಟಿಗೆ ನೀರು ಹಾಕಿ ನಾದಿದರೆ ಅದರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ರಬ್ಬರಿನಂತೆ ಎಳೆದುಕೊಂಡು ಹಿಟ್ಟನ್ನು ಕಟ್ಟುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ರಾಗಿಯನ್ನು ಕಟ್ಟಬೇಕಾದದ್ದು ಅದರ ಪಿಷ್ಟವೇ. ಪಿಷ್ಟದ ಕಣಗಳು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಕುಡಿದು ಉಬ್ಬಿ, ಒಡೆದು, ಅಂಟಾಗುತ್ತವೆ. ಮೊದಲು ಕದಡಿ ಹಾಕಿದ ಹಿಟ್ಟು ಆ ಅಂಟನ್ನು ಸಿದ್ಧಮಾಡಿ ಇಡುತ್ತದೆ. ಒಣಹಿಟ್ಟನ್ನು ಸುರಿದ ಕೂಡಲೇ ಕಲಕಿದರೆ ಹಿಟ್ಟಿನ ಹೊರಪದರ ಮಾತ್ರ ಬೆಂದು ಅಂಟಾಗಿ ಮುಚ್ಚಿಕೊಳ್ಳುತ್ತದೆ. ಒಳಗಿನ ಹಿಟ್ಟಿಗೆ ನೀರೇ ತಲುಪುವುದಿಲ್ಲ. ಅದೇ ಗಂಟು. ಬಾಯಿಗೆ ಸಿಕ್ಕ ಗಂಟು ಹಸಿಹಿಟ್ಟಿನ ವಾಸನೆ ಹೊಡೆಯುತ್ತದೆ; ಅಗಿಯದೆ ನುಂಗುವ ಊಟದಲ್ಲಿ ಅದು ಕ್ಷಮಿಸಲಾಗದ ದೋಷ.

ಬಿಸಿ ಇಳಿದಂತೆ ಇದೇ ಪಿಷ್ಟ ಮತ್ತೆ ಬದಲಾಗುತ್ತದೆ. ಅಂಟಾಗಿ ಹರಡಿದ್ದ ಪಿಷ್ಟದ ಎಳೆಗಳು ಒಂದಕ್ಕೊಂದು ಹತ್ತಿರ ಸರಿದು ಬಿಗಿದುಕೊಳ್ಳುತ್ತವೆ, ನಡುವಿನ ನೀರನ್ನು ಹೊರಗೆ ತಳ್ಳುತ್ತವೆ. ಮುದ್ದೆಯ ಮೈ ಬಿಗಿಯುತ್ತದೆ, ಮೇಲೆ ಚಕ್ಕೆ ಕಟ್ಟುತ್ತದೆ, ತುತ್ತು ಮುರಿದರೆ ಅಂಚು ಒರಟಾಗುತ್ತದೆ. ಸಾರಿನಲ್ಲಿ ಅದ್ದಿದ ತುತ್ತು ಜಾರುವುದರ ಬದಲು ಗಂಟಲಲ್ಲಿ ಹಿಡಿಯುತ್ತದೆ. ಮತ್ತೆ ಬಿಸಿ ಮಾಡಿದರೂ ಮೊದಲಿನ ನಯ ಬರುವುದಿಲ್ಲ. ಹಾಟ್‌ಬಾಕ್ಸಿನಲ್ಲಿಟ್ಟರೆ ಮುಚ್ಚಳಕ್ಕೆ ತಾಗಿದ ಆವಿ ನೀರಾಗಿ ತೊಟ್ಟಿಕ್ಕಿ ಹೊರಮೈ ಲೊಳಲೊಳ, ಒಳಗೆ ಗಟ್ಟಿ. ಅರ್ಧ ಗಂಟೆ ಅದು ಮಾನ ಉಳಿಸಿಕೊಂಡೀತು, ಆಮೇಲೆ ಕಷ್ಟ. ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುಡಿಯುವ ಪದ್ಧತಿ ಬಂದಿರುವುದೂ ಇದರಿಂದಲೇ. ಆರಿದ ಪಿಷ್ಟದ ಒಂದು ಪಾಲು ಸಣ್ಣಕರುಳಿನಲ್ಲಿ ಜೀರ್ಣವಾಗದೆ ನಾರಿನಂತೆ ಮುಂದೆ ಸಾಗುತ್ತದೆ. ಹೊಲಕ್ಕೆ ಹೋಗುವವರ ಹೊಟ್ಟೆ ಮಧ್ಯಾಹ್ನದವರೆಗೆ ತಡೆಯುತ್ತಿದ್ದುದರಲ್ಲಿ ತಂಗಳಿನ ಈ ಗುಣಕ್ಕೂ ಪಾಲಿರಬೇಕು.

‘ಹಿಟ್ಟು ಆರೋಗ್ತೈತೆ, ಬರ್ರಪ್ಪ’ ಎಂಬ ಕೂಗು ಈ ಸೀಮೆಯ ಮನೆಗಳ ಗಡಿಯಾರವಾಗಿತ್ತು. ಅಪ್ಪ ಎಮ್ಮೆ ಕಟ್ಟುತ್ತಿರಲಿ, ಮಕ್ಕಳು ಬುಗುರಿ ಆಡುತ್ತಿರಲಿ, ಜಗಲಿಯ ಮೇಲೆ ಬಂದವರೊಡನೆ ಮಾತು ನಡೆದಿರಲಿ, ಆ ಕೂಗಿಗೆ ಎಲ್ಲರೂ ಒಟ್ಟಿಗೆ ಒಳಗೆ ಬರುತ್ತಿದ್ದರು. ಜಗಳವಾಡಿ ಮುನಿಸಿಕೊಂಡ ಅಣ್ಣತಮ್ಮಂದಿರೂ ಒಂದೇ ಸಾಲಿನಲ್ಲಿ ಕೂರಲೇಬೇಕಾಗುತ್ತಿತ್ತು. ಆಮೇಲೆ ಬಂದು ಉಣ್ಣುತ್ತೇನೆ ಎನ್ನುವ ಸೌಲಭ್ಯವನ್ನು ಮುದ್ದೆ ಕೊಡುವುದಿಲ್ಲ. ಕುಟುಂಬ ಒಟ್ಟಿಗೆ ಕೂತು ಉಣ್ಣಬೇಕು ಎಂದು ಈಗ ಸಲಹೆಗಾರರು ಹೇಳುತ್ತಾರಲ್ಲ, ಅದನ್ನು ಯಾರೂ ಹೇಳದೆ ಮಾಡಿಸುತ್ತಿದ್ದುದು ಈ ಉಂಡೆ. ಮದುವೆಯಾಗಿ ಬಂದ ಸೊಸೆಗೂ ಇದು ಮೊದಲ ಪರೀಕ್ಷೆ. ರೊಟ್ಟಿ ಸೀಮೆಯಿಂದಲೋ ಕುಚ್ಚಲಕ್ಕಿಯ ಸೀಮೆಯಿಂದಲೋ ಬಂದವಳು ಅಗಿಯದೆ ನುಂಗುವುದನ್ನು ಕಲಿಯಲು ತಿಂಗಳುಗಳೇ ಹಿಡಿಯುತ್ತವೆ. ಚಿಕ್ಕ ತುತ್ತು ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಹಿಂದಕ್ಕೆ ಬಿಡಬೇಕು ಎಂದು ಪಕ್ಕದಲ್ಲಿ ಕೂತು ತೋರಿಸಿಕೊಡುವ ಅತ್ತೆಯೋ ಗಂಡನೋ ಇದ್ದರೆ ಆ ಮನೆ ಬೇಗ ಅವಳದಾಗುತ್ತದೆ.

ಈಗ ಆ ಕೂಗಿಗೆ ಓಗೊಡಬೇಕಾದವರು ಮನೆಯಲ್ಲಿ ಇರುವುದಿಲ್ಲ. ತುಮಕೂರಿನಿಂದ ಬೆಂಗಳೂರಿಗೆ 70 ಕಿ.ಮೀ. ಬೆಳಗಿನ ರೈಲು ಹಿಡಿದು ಹೋಗಿ ರಾತ್ರಿ ಮರಳುವ ನೌಕರರು, ವಿದ್ಯಾರ್ಥಿಗಳು ಸಾವಿರಾರು. ಕುಣಿಗಲ್ಲಿನವರಿಗೆ ನೆಲಮಂಗಲದ ಹೆದ್ದಾರಿ ಮೊದಲೇ ಇತ್ತು. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗವೂ ತೆರೆಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ರಾಗಿ, ತೆಂಗಿನ ಊರುಗಳ ನಡುವೆ ಈಗ ಕಾರ್ಖಾನೆಯ ಬಸ್ಸಿನ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಒಂದೇ ಮನೆಯ ನಾಲ್ವರು ನಾಲ್ಕು ಹೊತ್ತಿಗೆ ಮನೆ ಸೇರುತ್ತಾರೆ. ಇಂಥ ಮನೆಗೆ ಎರಡೇ ದಾರಿ: ಮುದ್ದೆಯನ್ನು ಬಿಡುವುದು, ಇಲ್ಲವೇ ಎರಡು ಮೂರು ಸಲ ತೊಳಸುವುದು. ಪಟ್ಟಣದ ಎಷ್ಟೋ ಮನೆಗಳು ಮೊದಲನೆಯದನ್ನು ಆರಿಸಿಕೊಂಡಿವೆ. ಭಾನುವಾರ ಮಧ್ಯಾಹ್ನಕ್ಕೋ ನೆಂಟರು ಬಂದಾಗಲೋ ಬಾಡಿನ ಸಾರಿನ ಜೊತೆ ಮುದ್ದೆ, ಉಳಿದ ದಿನ ಅನ್ನ, ಚಪಾತಿ. ಉಳಿದವರು ಹೋಟೆಲಿನಲ್ಲಿ ಉಣ್ಣುತ್ತಾರೆ. ತುಮಕೂರಿನಲ್ಲಿ ಮಧ್ಯಾಹ್ನ ಮುದ್ದೆ ಊಟ ಕೊಡುವ ಹೋಟೆಲುಗಳಿಗೆ ಕೊರತೆಯಿಲ್ಲ.

ಇದಕ್ಕೆ ಹೋಲಿಸಿದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಸ್ವಭಾವವೇ ಬೇರೆ. ಉದ್ದು, ಅಕ್ಕಿಯ ಹಿಟ್ಟು ಹಿಂದಿನ ದಿನವೇ ಹುಳಿಯಾಗಿ ಸಿದ್ಧವಾಗಿರುತ್ತದೆ, ತಟ್ಟೆಗಳು ಅಟ್ಟಣಿಗೆಯಲ್ಲಿ ಒಂದರ ಮೇಲೊಂದು ಬೇಯುತ್ತವೆ, ಯಾವ ಹೊತ್ತಿಗೆ ಯಾರು ಬಂದರೂ ಹಬೆಯಿಂದ ತೆಗೆದು ಕೊಡಬಹುದು. ಹೆದ್ದಾರಿಯ ಪಕ್ಕದ ಊರಿಗೆ ಅದು ಹೇಳಿ ಮಾಡಿಸಿದ ತಿಂಡಿ. ಅಪರಿಚಿತರಿಗೆ, ಅವಸರದವರಿಗೆ ಇಡ್ಲಿ. ಹೊತ್ತು ಹೊಂದಿಸಿಕೊಂಡು ಬರುವವರಿಗೆ ಮುದ್ದೆ. ತುಮಕೂರಿನ ಹೆಸರು ಹೊರಗೆ ಇಡ್ಲಿಯಿಂದ ಹರಡಿದ್ದರೂ ಮನೆಯೊಳಗಿನ ತುಮಕೂರು ಮುದ್ದೆಯದು.

ಸಾರಿನ ಬಗ್ಗೆ ಹೇಳದೆ ಮುದ್ದೆಯ ಮಾತು ಪೂರ್ಣವಾಗದು. ಈ ಸೀಮೆಯ ರಾಗಿ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುವ ವಾಡಿಕೆ ಇರಲಿಲ್ಲ. ಕೆಲವು ಸಾಲು ರಾಗಿ, ನಡುವೆ ಒಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಒಂದಿಷ್ಟು ಜೋಳ. ಅದನ್ನು ಅಕ್ಕಡಿ ಸಾಲು ಎನ್ನುತ್ತಾರೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಬೇರು ಆಳಕ್ಕಿಳಿದ ತೊಗರಿಯೋ ಅವರೆಯೋ ಕೈಹಿಡಿಯುತ್ತಿತ್ತು. ಕಾಳಿನ ಗಿಡಗಳು ನೆಲಕ್ಕೆ ಸಾರಜನಕ ಸೇರಿಸುತ್ತಿದ್ದವು. ಅಡುಗೆಮನೆಯ ಕಣ್ಣಿಂದ ನೋಡಿದರೆ ಮುದ್ದೆಯೂ ಅದರ ಸಾರೂ ಒಂದೇ ಹೊಲದಲ್ಲಿ ಅಕ್ಕಪಕ್ಕ ಬೆಳೆಯುತ್ತಿದ್ದವು. ರಾಗಿಯ ಪ್ರೋಟೀನಿನಲ್ಲಿ ಲೈಸೀನ್ ಕಡಿಮೆ, ಮೆಥಿಯೊನೀನ್ ಸಾಕಷ್ಟು. ಅವರೆ, ಹುರುಳಿಯಂಥ ಕಾಳುಗಳಲ್ಲಿ ಇದರ ತದ್ವಿರುದ್ಧ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಮೈನೋ ಆಮ್ಲಗಳ ಹೆಸರು ಕೇಳದ ಅಜ್ಜಿಯರು ಈ ಜೋಡಿಯನ್ನು ನಾಲಿಗೆಯಿಂದ, ಹೊಲದಿಂದ ಕಂಡುಕೊಂಡಿದ್ದರು. ನನಗೆ ಇದು ಈ ನೆಲದ ದೊಡ್ಡ ಜಾಣ್ಮೆಗಳಲ್ಲಿ ಒಂದು ಎನಿಸುತ್ತದೆ.

ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಬೀಳುವಾಗ ಅವರೆಗೆ ಸೊಗಡು ಕೂಡುತ್ತದೆ. ನಾಟಿ ಅವರೆ ಹಗಲು ಮೊಟಕಾದಾಗ ಮಾತ್ರ ಹೂ ಬಿಡುವ ಬೆಳೆ. ಹಾಗಾಗಿ ಅದಕ್ಕೊಂದು ಋತು ಇತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಕೊಡುತ್ತವೆ. ರೈತರಿಗೆ ಅದರಿಂದ ಅನುಕೂಲವಾಗಿದೆ. ಆದರೆ ಇಬ್ಬನಿಯ ಸೊಗಡು ಬೇಸಿಗೆಯ ಅವರೆಯಲ್ಲಿ ಸಿಗುವುದಿಲ್ಲ ಎಂಬುದನ್ನು ಉಂಡವರೆಲ್ಲ ಬಲ್ಲರು. ಕಾಳನ್ನು ನೀರಿನಲ್ಲಿ ನೆನೆಸಿಟ್ಟು, ಎರಡು ಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಬೇಳೆಯನ್ನು ಚಿಮ್ಮಿಸುವುದು ಹಿದುಕುವ ಕೆಲಸ. ಒಬ್ಬರೇ ಮಾಡಿದರೆ ಬೆರಳ ತುದಿ ಸುಕ್ಕುಗಟ್ಟುತ್ತದೆ, ಬೇಸರವೂ ಬರುತ್ತದೆ. ನಾಲ್ಕು ಜನ ಬೋಗುಣಿಯ ಸುತ್ತ ಕೂತರೆ ಮಾತಿನಲ್ಲಿ ಮುಗಿದುಹೋಗುತ್ತದೆ. ನಾದಿನಿಯ ಮದುವೆಯ ಮಾತು, ಪಕ್ಕದ ಮನೆಯ ಸಾಲದ ಮಾತು, ಮೊಮ್ಮಕ್ಕಳ ಪರೀಕ್ಷೆಯ ಮಾತು ಎಲ್ಲ ನಡೆದದ್ದು ಆ ಬೋಗುಣಿಯ ಸುತ್ತಲೇ. ಈಗ ತುಮಕೂರಿನ ಸಂತೆಯಲ್ಲಿ ಹಿದುಕಿದ ಬೇಳೆಯೇ ಅಳತೆಗೆ ಸಿಗುತ್ತದೆ. ಅದನ್ನು ಕೊಳ್ಳುವವರನ್ನು ನಾನು ದೂರುವುದಿಲ್ಲ. ಎಂಟೂವರೆಗೆ ಮನೆ ಸೇರುವವರು ಕಾಳು ಹಿದುಕುವುದು ಯಾವಾಗ?

ಅವರೆ ಮುಗಿದ ಮೇಲೆ ಹುರುಳಿಕಾಳು, ಮೊಳಕೆ ಬಂದ ಹೆಸರುಕಾಳು, ಮಸ್ಸೊಪ್ಪು, ಬಸ್ಸಾರು, ಉಪ್ಸಾರು. ಬಸ್ಸಾರಿನಲ್ಲಿ ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಬೇಸಿಗೆಯಲ್ಲಿ ಇದಕ್ಕೆ ಹಲಸಿನ ಬೀಜ ಬೀಳುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಅಲ್ಲಿನ ರೈತರೊಬ್ಬರ ಮರದ ಕೆಂಪು ತೊಳೆಯ ಸಣ್ಣ ಹಣ್ಣು ಹಿರೇಹಳ್ಳಿ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳ ಮೂಲಕ ‘ಸಿದ್ದು’ ಎಂಬ ತಳಿಯಾಗಿ ದೇಶಕ್ಕೆಲ್ಲ ಗೊತ್ತಾಯಿತು. ಸಾರಿನ ಹುಳಿಗೆ ತುಮಕೂರಿನ ಹುಣಸೆ. ಇಲ್ಲಿನ ಎಪಿಎಂಸಿಗೆ ಹುಣಸೆಯ ಕಾಲದಲ್ಲಿ ಕಾಲಿಟ್ಟವರಿಗೆ ಆ ವಾಸನೆ ಮರೆಯುವುದಿಲ್ಲ. ಈ ಹುಳಿಗೂ ಸೊಪ್ಪಿಗೂ ರುಚಿಯಾಚೆಗಿನ ಕೆಲಸವಿದೆ. ರಾಗಿಯಲ್ಲಿ ಸುಣ್ಣದಂಶ ಧಾರಾಳ, ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ. ಕಬ್ಬಿಣವೂ ಇದೆ. ಆದರೆ ಅದರ ಹೊಟ್ಟಿನಲ್ಲಿರುವ ಟ್ಯಾನಿನ್ ಮತ್ತು ಫೈಟೇಟ್ ಎಂಬ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರದಂತೆ ಮಾಡುತ್ತವೆ. ನಿಂಬೆಹುಳಿ, ಹಸಿಸೊಪ್ಪು, ಟೊಮೆಟೊಗಳ ಸಿ ಜೀವಸತ್ವ ಆ ಹಿಡಿತವನ್ನು ಸಡಿಲಿಸುತ್ತದೆ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಉಂಡ ಕೂಡಲೇ ಕುಡಿಯುವ ಕಾಫಿ, ಟೀ ಇದಕ್ಕೆ ವಿರುದ್ಧ ಕೆಲಸ ಮಾಡುತ್ತವೆ. ಸಕ್ಕರೆ ಕಾಯಿಲೆಗೆ ಮುದ್ದೆ ಒಳ್ಳೆಯದು ಎಂದು ದೊಡ್ಡ ದೊಡ್ಡ ಎರಡು ಮುದ್ದೆ ಉಣ್ಣುವವರಿಗೂ ಒಂದು ಮಾತು: ನುಣ್ಣಗೆ ಬೀಸಿ ಚೆನ್ನಾಗಿ ಬೆಂದ ರಾಗಿಯೂ ಪಿಷ್ಟವೇ. ಒಂದು ಸಾಧಾರಣ ಮುದ್ದೆ, ಅದರ ಜೊತೆ ತುಂಬ ಸೊಪ್ಪು, ಕಾಳು ಇದ್ದರೆ ಆ ನಂಬಿಕೆಗೆ ಅರ್ಥ ಬರುತ್ತದೆ.

ಹೇಮಾವತಿಯ ನಾಲೆ ಬಂದ ಕಡೆ, ಗುಬ್ಬಿಯ ಸುತ್ತ ಮುಖ್ಯವಾಗಿ, ಹೊಲಗಳು ತೆಂಗು, ಅಡಿಕೆಯ ತೋಟಗಳಾಗಿವೆ. ಮಳೆ ನಂಬಿದ ಕಡೆ ರಾಗಿ ಉಳಿದಿದೆ, ಅಕ್ಕಡಿ ಸಾಲು ಕಡಿಮೆಯಾಗಿದೆ. ತೋಟದ ಮನೆಯವರೂ ರಾಗಿಯನ್ನು ಅಂಗಡಿಯಿಂದ ತರುವುದುಂಟು. ತಂದ ರಾಗಿಯನ್ನು ಕಲ್ಲು ಆರಿಸಿ, ಬಿಸಿಲಿಗೆ ಹಾಕಿ, ಗಿರಣಿಗೆ ಹೊತ್ತೊಯ್ಯುವುದು ಬಹಳ ಮನೆಗಳಲ್ಲಿ ಇನ್ನೂ ತಪ್ಪಿಲ್ಲ. ಪ್ಯಾಕೆಟ್ಟಿನ ಹಿಟ್ಟಿನಲ್ಲಿ ಆ ಘಮ ಇರುವುದಿಲ್ಲ ಎಂದು ಅವರು ಹೇಳುವುದು ಸರಿ. ಈ ರಾಗಿಯ ಇಳುವರಿ ಏರಿದ್ದಕ್ಕೆ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ವಿಜ್ಞಾನಿಯನ್ನು ನೆನೆಯಬೇಕು. ಆಫ್ರಿಕಾದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಅವರು ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತಳಿಗಳನ್ನು ಕಟ್ಟಿದರು.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಮುದ್ದೆ ಕಾಯುವುದಿಲ್ಲ ಎಂಬುದರಿಂದ ಮನೆಯವರೆಲ್ಲ ಒಟ್ಟಿಗೆ ಕೂತರು ಎಂದೆ. ಒಬ್ಬರನ್ನು ಬಿಟ್ಟು. ತೊಳಸಿದವಳು ಕೂರಲಿಲ್ಲ. ಒಂದು ತಪ್ಪಲೆ ಹಿಟ್ಟನ್ನು ಬಿಸಿಯಾಗಿ ಕಟ್ಟಿ ಬಡಿಸುತ್ತಿದ್ದರೆ ಅದನ್ನು ಕಟ್ಟುವ ಕೈ ಬಿಡುವಾಗುವುದು ಕೊನೆಯ ಮುದ್ದೆ ಆದ ಮೇಲೆ. ಎರಡನೆಯ ಸಲ ಸಾರು, ಮಜ್ಜಿಗೆ, ಅನ್ನ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ ಅವಳು ಕೂತಾಗ ತಳದ ಹಿಟ್ಟು ಬಿಗಿದಿರುತ್ತದೆ. ಸಾರಿನಲ್ಲಿ ಕಾಳು ಮುಗಿದು ನೀರು ಉಳಿದಿರುತ್ತದೆ. ಇಡೀ ಮನೆಗೆ ಬಿಸಿಯಾಗಿ ಸಿಕ್ಕ ಊಟ ಮಾಡಿದವಳಿಗೆ ಮಾತ್ರ ಆರಿ ಸಿಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣಗಳು ಹಲವು. ಕೊನೆಗೆ ಉಣ್ಣುವವರ ಪಾಲಿಗೆ ಕಾಳು, ಸೊಪ್ಪು ಉಳಿಯದಿರುವುದನ್ನು ಆ ಕಾರಣಗಳ ಪಟ್ಟಿಯಿಂದ ಬಿಡಲು ನನಗೆ ಮನಸ್ಸು ಬರುವುದಿಲ್ಲ.

2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಕೂಲಿಯಿಲ್ಲದ ಮನೆಗೆಲಸಕ್ಕೆ ಕೈಹಾಕುವ ಗಂಡಸರು ನೂರಕ್ಕೆ 26, ಹೆಂಗಸರು 81. ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಅದೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಅದೇ ರೈಲಿನಲ್ಲಿ ಮರಳುವ ಗಂಡಹೆಂಡಿರಲ್ಲಿ ಒಬ್ಬರು ಮನೆಗೆ ಬಂದ ಕೂಡಲೇ ಒಲೆ ಹಚ್ಚುತ್ತಾರೆ, ಇನ್ನೊಬ್ಬರು ಟಿ.ವಿ. ಹಚ್ಚುತ್ತಾರೆ. ಯಾರು ಯಾವುದನ್ನು ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಂಡಸರ ಕೈಗೆ ಮುದ್ದೆ ಒಲಿಯುವುದಿಲ್ಲ ಎನ್ನುವ ಮಾತನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಆ ಮಾತನ್ನು ಹೇಳುವವರು ಸಿದ್ಧಗಂಗೆಯ ದಾಸೋಹದ ಅಡುಗೆಮನೆಯನ್ನು ನೋಡಬೇಕು. 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಶಿವೈಕ್ಯರಾದ ಡಾ. ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಬೆಳೆಸಿದ ಮಠ ಅದು. ಸಾವಿರಾರು ಮಕ್ಕಳು ಅಲ್ಲೇ ಇದ್ದು ಓದುತ್ತಾರೆ, ಅಲ್ಲೇ ಉಣ್ಣುತ್ತಾರೆ. ಆ ಕೊಪ್ಪರಿಗೆಗಳಲ್ಲಿ ಆಳುದ್ದದ ಕೋಲು ಹಿಡಿದು ರಾಗಿಹಿಟ್ಟು ತೊಳಸುವವರು ಗಂಡಸರು. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲೂ ಬಂದವರಿಗೆಲ್ಲ ದಾಸೋಹ ನಡೆಯುತ್ತದೆ. ಊರಹಬ್ಬದ ಬಾಡೂಟಕ್ಕೆ ಹಿಟ್ಟು ತೊಳಸುವವರು ಗಂಡಸರು. ಮಿಲಿಟರಿ ಹೋಟೆಲುಗಳ ಒಲೆಯ ಮುಂದೆ ನಿಂತಿರುವವರೂ ಗಂಡಸರೇ. ನೂರು ಮುದ್ದೆ, ಸಾವಿರ ಮುದ್ದೆ ಕಟ್ಟಬಲ್ಲ ಕೈಗಳು ನಾಲ್ಕು ಮುದ್ದೆ ಕಟ್ಟುವ ಅಡುಗೆಮನೆಗೆ ಬಾರದಿರುವುದಕ್ಕೆ ರಟ್ಟೆಯೂ ಕಾರಣವಲ್ಲ, ಹದವೂ ಕಾರಣವಲ್ಲ. ತೊಳಸುವುದು ಬಲ ಬೇಡುವ ಕೆಲಸ ಎಂಬುದೇ ನಿಜವಾದರೆ ಮನೆಯಲ್ಲಿ ಅದು ಮೊದಲು ಸೇರಬೇಕಾದದ್ದು ಬೆಳೆದ ಮಗನ ಕೈಗೆ.

ಇಂಥ ವಾಡಿಕೆಗಳು ಬದಲಾಗುವುದನ್ನು ಈ ಸೀಮೆ ಮೊದಲೇ ಕಂಡಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದ ಆರಂಭದ ಕಾಲದಲ್ಲಿ ಹೆಂಗಸರ ಪಾತ್ರಗಳನ್ನು ಹಾಕುತ್ತಿದ್ದುದು ಗಂಡಸರು. ರಂಗದ ಮೇಲೆ ಹೆಣ್ಣು ಬರುವುದನ್ನು ಊಹಿಸುವುದೇ ಕಷ್ಟವಾಗಿತ್ತು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಸುಂದರಮ್ಮ, ಬಿ. ಜಯಮ್ಮ ಮುಂತಾದವರು ಅದೇ ಕಂಪನಿಯ ರಂಗಕ್ಕೆ ಬಂದರು, ಅದರ ಕೀರ್ತಿಯೇ ಆದರು. ಜನ ಟಿಕೆಟ್ ಕೊಂಡು ಬಂದು ನೋಡಿದರು, ಒಪ್ಪಿದರು. ಸಾರ್ವಜನಿಕರ ಕಣ್ಣೆದುರಿನ ರಂಗದಲ್ಲಿ ಆದ ಬದಲಾವಣೆಗೆ ಹೋಲಿಸಿದರೆ ನಾಲ್ಕು ಗೋಡೆಯೊಳಗಿನ ಒಲೆಯ ಬದಲಾವಣೆ ಸುಲಭವಾಗಬೇಕಿತ್ತು. ಅದು ನಿಧಾನವಾಗಿದೆ. ಆದರೂ ಆಗುತ್ತಿದೆ. ಬೆಂಗಳೂರಿನ ಪಿ.ಜಿ.ಗಳ ಊಟ ಸಾಕಾಗಿ ರೂಮು ಮಾಡಿಕೊಂಡ ತುಮಕೂರಿನ ಹುಡುಗರು ಮನೆಗೆ ವಿಡಿಯೊ ಕರೆ ಮಾಡಿ, ಫೋನನ್ನು ಒಲೆಯ ಪಕ್ಕ ನಿಲ್ಲಿಸಿ, ‘ಅಮ್ಮಾ, ಈಗ ಕೋಲು ಹಾಕ್ಲಾ?’ ಎಂದು ಕೇಳುವುದುಂಟು. ‘ಇರಪ್ಪ, ಇನ್ನೊಂದ್ ಉಕ್ಕು ಬರ್ಲಿ’ ಎಂದು ಆ ಕಡೆಯಿಂದ ಉತ್ತರ. ಮನೆಯಲ್ಲಿ ಇಪ್ಪತ್ತು ವರ್ಷ ಅಮ್ಮ ಹಿಟ್ಟು ತೊಳಸುವುದನ್ನು ಅವರು ಇಷ್ಟು ಕಣ್ಣಿಟ್ಟು ನೋಡಿರಲಿಲ್ಲ.

ಆಟ ನೋಡುತ್ತಲೇ ಇದನ್ನು ಹೇಗೆ ಹೊಂದಿಸುವುದೆಂದು ಕೇಳುವವರಿಗೆ ಲೆಕ್ಕ ಸರಳ. ಫುಟ್‌ಬಾಲಿನ ನಡುವಿರಾಮ 15 ನಿಮಿಷ. ನಾಲ್ವರಿಗೆ ಬೇಕಾದ ಮುದ್ದೆಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮೊದಲಾರ್ಧ ಮುಗಿಯುವ ಮುಂಚೆ ಸಣ್ಣ ಉರಿಯಲ್ಲಿ ಎಸರಿಟ್ಟಿದ್ದರೆ ಸೀಟಿ ಊದುವಾಗ ಹಿಟ್ಟು ಸುರಿಯಬಹುದು. ಐಪಿಎಲ್‌ನಲ್ಲಿ ಎರಡು ಇನಿಂಗ್ಸ್‌ಗಳ ನಡುವೆ ಇನ್ನೂ ಹೆಚ್ಚು ಬಿಡುವು ಸಿಗುತ್ತದೆ. ಸಾರು ಮೊದಲೇ ಆಗಿರಲಿ. ಅದು ಕಾದಷ್ಟೂ ರುಚಿ. ಒಬ್ಬರು ತೊಳಸಿದರೆ ಇನ್ನೊಬ್ಬರು ತಟ್ಟೆ ಹಾಕಿ ಸಾರು ಬಡಿಸಲಿ, ಮೂರನೆಯವರು ನೀರಿಡಲಿ. ಮುದ್ದೆಗಳನ್ನೆಲ್ಲ ಒಟ್ಟಿಗೆ ಕಟ್ಟಿ ತಟ್ಟೆಗಳಿಗಿಟ್ಟು ತೊಳಸಿದವರೂ ಅದೇ ಸಾಲಿನಲ್ಲಿ ಕೂತರೆ ಯಾರ ಮುದ್ದೆಯೂ ಆರುವುದಿಲ್ಲ. ಎರಡನೆಯ ಸಲ ಬೇಕಾದವರು ತಾವೇ ಎದ್ದು ಹಾಕಿಕೊಂಡರಾಯಿತು.

ಕೊನೆಯ ರೈಲಿಗೆ ಬರುವವರ ಪ್ರಶ್ನೆ ಉಳಿಯುತ್ತದೆ. ಅವರಿಗಾಗಿ ಹತ್ತೂವರೆಯವರೆಗೆ ಒಬ್ಬರು ತೂಕಡಿಸುತ್ತ ಕೂತಿರುವುದು ನಮ್ಮ ಮನೆಗಳಲ್ಲಿ ಪ್ರೀತಿಯ ಗುರುತೆಂದು ನಡೆದುಬಂದಿದೆ. ಅದರ ಬದಲು ಸಾರನ್ನು ಮುಚ್ಚಿಟ್ಟು, ಪಕ್ಕದಲ್ಲಿ ಒಂದು ಲೋಟ ರಾಗಿಹಿಟ್ಟು ಅಳೆದಿಟ್ಟು ಮಲಗಬಹುದು. ಬಂದವರು ಕೈಕಾಲು ತೊಳೆದು, ಎರಡೂ ಕಾಲು ಲೋಟ ನೀರಿಟ್ಟು, ಅದರಲ್ಲೇ ಒಂದು ಚಮಚ ಹಿಟ್ಟು ಕದಡಿ, ಉಕ್ಕಿದಾಗ ಉಳಿದದ್ದನ್ನು ಸುರಿದು, ಐದು ನಿಮಿಷ ಮುಟ್ಟದೆ ಬಿಟ್ಟು ತೊಳಸಿಕೊಳ್ಳಬೇಕು. ಒಬ್ಬರ ಹಿಟ್ಟಿಗೆ ಉದ್ದನೆಯ ಕೋಲೂ ಬೇಡ, ಮರದ ಸೌಟಿನ ಹಿಡಿ ಸಾಕು. ತಪ್ಪಲೆ ಜಾರದಂತೆ ಹಿಡಿಯಲು ದಪ್ಪ ಬಟ್ಟೆ ಇರಲಿ. ಅಂಗೈಗೆ ತಣ್ಣೀರು ಸವರಿಕೊಂಡು ಉಂಡೆ ಕಟ್ಟಿದರೆ ಹಿಟ್ಟು ಅಂಟುವುದೂ ಇಲ್ಲ, ಕೈ ಸುಡುವುದೂ ಇಲ್ಲ. ಮೊದಲ ವಾರ ಒಂದೆರಡು ಗಂಟು ಉಳಿಯುತ್ತವೆ. ಹಿಟ್ಟು ನೀರಾದರೆ ಇನ್ನಷ್ಟು ಹೊತ್ತು ಸಣ್ಣ ಉರಿಯಲ್ಲಿ ಬಿಡುವುದು, ಗಟ್ಟಿಯಾದರೆ ಅಂಚಿನಿಂದ ಬಿಸಿನೀರು ಚಿಮುಕಿಸುವುದು. ತೊಳೆಯಲು ತಪ್ಪಲೆಗೆ ಕೂಡಲೇ ನೀರು ಹಾಕಿಡಬೇಕು. ಬೆಳಗಿನವರೆಗೆ ಬಿಟ್ಟರೆ ತಳ ಹಿಡಿದ ಹಿಟ್ಟನ್ನು ಕೆರೆಯುವ ಕೆಲಸ ಮತ್ತೆ ಮಲಗಿದ್ದವರ ಪಾಲಿಗೇ ಬರುತ್ತದೆ.